ಎರಡು ಸಲ ಶುರುವಾದ ಕಾದಂಬರಿ

ನಾನು ಡ್ರಿಲ್ ಮೇಷ್ಟ್ರು. ಡ್ರಿಲ್ ಮೇಷ್ಟ್ರಿಗೂ ಪುಸ್ತಕಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಿದರೆ ನನಗೆ ಬೇಸರವಿಲ್ಲ. ನಮ್ಮ ಶಾಲೆಯ ಕನ್ನಡ ಪಂಡಿತರಿಗೆ ಇಪ್ಪತ್ತು ವರ್ಷದಿಂದ ಹಾಗೇ ಅನ್ನಿಸುತ್ತಿದೆ. ಸ್ಟಾಫ್ ರೂಮಿನಲ್ಲಿ ನಾನು ಕಾದಂಬರಿ ಬಿಡಿಸಿ ಕೂತರೆ ಅವರು ಕನ್ನಡಕದ ಮೇಲಿಂದ ನೋಡಿ, "ಚಿತ್ರ ಇದಾವೇನ್ರೀ ಅದ್ರಲ್ಲಿ?" ಎಂದು ಕೇಳುತ್ತಾರೆ. ಕೊರಳಲ್ಲಿ ಸೀಟಿ ಕಟ್ಟಿಕೊಂಡವನ ಕೈಯಲ್ಲಿ ಪುಸ್ತಕ ಕಂಡರೆ ಜನಕ್ಕೆ ಎತ್ತಿನ ಕೊಂಬಿಗೆ ಕೊಡೆ ಸಿಕ್ಕಿಸಿದ ಹಾಗೆ ಕಾಣುತ್ತದೋ ಏನೋ.

ನನಗೆ ಪುಸ್ತಕ ಗಂಟು ಬಿದ್ದದ್ದೂ ಓಟದಿಂದಲೇ. ಎಂಟನೇ ಕ್ಲಾಸಿನಲ್ಲಿ ನೂರು ಮೀಟರ್ ಓಟದಲ್ಲಿ ಮೊದಲು ಬಂದೆ. ಎರಡನೇ ಬಹುಮಾನ ಸ್ಟೀಲ್ ಲೋಟ, ಮೂರನೆಯದು ಸೋಪಿನ ಡಬ್ಬಿ, ಮೊದಲನೆಯದು ಮಾತ್ರ ಒಂದು ದಪ್ಪ ಕಾದಂಬರಿ. ಲೋಟದ ಮೇಲೆ ಕಣ್ಣಿಟ್ಟು ಓಡಿದ್ದ ನಾನು, ಒಂದು ಹೆಜ್ಜೆ ಹಿಂದೆ ಬೀಳಬಾರದಿತ್ತೇ ಎಂದು ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದೆ. ಅಪ್ಪ ಪುಸ್ತಕವನ್ನು ಅಂಗೈಯಲ್ಲಿ ತೂಗಿ, "ಅರ್ಧ ಕೇಜಿ ಮೇಲೇ ಬತ್ತದೆ" ಎಂದು ಒಪ್ಪಿಗೆ ಸೂಚಿಸಿದರು. ಓದು ಬರಹ ಬಾರದ ನಮ್ಮವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು.

ಆ ಕಾದಂಬರಿಯ ಹೆಸರನ್ನು ನಾನು ಹೇಳುವುದಿಲ್ಲ. ಮುಂದೆ ಅದರ ಕೊನೆಯನ್ನು ಹೇಳಲೇಬೇಕಾಗಿದೆ. ಓದದೇ ಇರುವವರು ನನ್ನನ್ನು ಶಪಿಸಬಾರದು.

ಅಲ್ಲಿಂದ ಶುರುವಾದ ಪುಸ್ತಕದ ಹುಚ್ಚು ಈಗ ಒಂದು ಕೋಣೆ ತುಂಬಿದೆ. ಕೋಣೆ ಎಂದೊಡನೆ ಗಾಜಿನ ಬೀರುಗಳನ್ನು ಕಲ್ಪಿಸಿಕೊಳ್ಳಬೇಡಿ. ಪಾಂಡವಪುರದ ಹೊರಗೆ ನಾಲೆಯ ಪಕ್ಕದಲ್ಲಿರುವ ನಮ್ಮ ಮನೆಯಲ್ಲಿ ಹಸುಗಳ ಬೂಸಾ, ಹಿಂಡಿ, ಫೀಡಿನ ಮೂಟೆ ಇಡುವ ಕೋಣೆ ಅದು. ಒಂದು ಗೋಡೆ ಹಸುವಿಗೆ, ಮೂರು ಗೋಡೆ ನನಗೆ. ನನ್ನಲ್ಲಿರುವ ಕವನ ಸಂಕಲನಗಳೆಲ್ಲ ಕಡಲೆಕಾಯಿ ಹಿಂಡಿಯ ವಾಸನೆ ಹೊಡೆಯುತ್ತವೆ. "ಹಸ ಫೀಡ್ ತಿಂದ್ರೆ ಹಾಲಾರ ಕೊಡ್ತದೆ. ನೀವು ಇಷ್ಟ್ ಪುಸ್ತಕ ತಿಂದು ಏನ್ ಕೊಟ್ರಿ?" ಎಂದು ನನ್ನ ಹೆಂಡತಿ ಸುಮಿತ್ರ ವರ್ಷಕ್ಕೊಮ್ಮೆಯಾದರೂ ಕೇಳುತ್ತಾಳೆ.

ಇಂಥ ಮನೆಯಲ್ಲಿ ಮರ್ಯಾದೆ ಸಿಗದವನಿಗೆ ಮೊಬೈಲಿನಲ್ಲಿ ಸಿಕ್ಕಿತು. ಶ್ರೀರಂಗಪಟ್ಟಣದ ಶಾಹಿದಾ ಮೇಡಂ ಎಂಬ ನಿವೃತ್ತ ಶಿಕ್ಷಕಿ ಸುತ್ತಮುತ್ತಲ ತಾಲ್ಲೂಕಿನ ಓದುಗರನ್ನೆಲ್ಲ ಸೇರಿಸಿ ಒಂದು ಗ್ರೂಪು ಮಾಡಿದ್ದರು. ಬಹಳ ಶಿಸ್ತಿನ ಗ್ರೂಪು. ಗುಲಾಬಿ ಹೂವಿನ ಶುಭೋದಯ ಕಳುಹಿಸಿದವರನ್ನು ಮೇಡಂ ಅವತ್ತೇ ಹೊರಗೆ ನಿಲ್ಲಿಸುತ್ತಿದ್ದರು. ನಾನು ಸೇರಿದ ವಾರವೇ ಮೂರು ಗೋಡೆಗಳ ಫೋಟೋ ಹಾಕಿದೆ, ನಾಲ್ಕನೆಯ ಗೋಡೆ ಬರದ ಹಾಗೆ ಮೂಲೆಯಲ್ಲಿ ನಿಂತು ತೆಗೆದದ್ದು. "ಅಬ್ಬಾ!", "ಎಂಥ ಭಾಗ್ಯ!", "ಸಾಹಿತ್ಯ ಭಂಡಾರ!" ಎಂದು ಸಾಲುಸಾಲು ಬಂದವು. ಇಪ್ಪತ್ತು ವರ್ಷ ಸೀಟಿ ಊದಿ ಗಳಿಸದ ಗೌರವ ಒಂದು ಫೋಟೋದಲ್ಲಿ ಬಂತು.

ಇಂಥ ಗೆಳೆತನ ವಿಚಿತ್ರ. ದುರಂತ ಕಾದಂಬರಿಗಳ ಬಗ್ಗೆ ಒಬ್ಬರ ನಿಲುವೇನು ಎಂದು ಅಂಗೈ ರೇಖೆಯಷ್ಟು ಗೊತ್ತಿರುತ್ತದೆ, ಅವರಿಗೆ ಮಕ್ಕಳೆಷ್ಟು ಎಂದು ಗೊತ್ತಿರುವುದಿಲ್ಲ. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದ ಬೋರೇಗೌಡರು ನನಗೆ ಹತ್ತಿರವಾದದ್ದು ಹಾಗೆಯೇ. ತಮ್ಮ ಫೋಟೋ ಇರಬೇಕಾದ ಜಾಗದಲ್ಲಿ ಅವರು ಒಂದು ಎಮ್ಮೆಯ ಮುಖ ಹಾಕಿದ್ದರು. ಹಾಲು ಕರೆದು ಡೇರಿಗೆ ಹಾಕಿ ಬಂದು, ಎಂಟೂವರೆಗೆ ಸರಿಯಾಗಿ ಅಭಿಪ್ರಾಯ ಬರೆಯುತ್ತಿದ್ದರು. ಎಲ್ಲರೂ ಹೊಗಳಿದ ಪುಸ್ತಕಕ್ಕೆ, "ಎಮ್ಮೆ ಚೆಂದ ಅದೆ, ಹಾಲು ಕಮ್ಮಿ" ಎಂದು ಒಂದೇ ಸಾಲು. ಎರಡು ವರ್ಷ ನಾವಿಬ್ಬರೂ ಮುಖ ನೋಡದೆಯೇ ದಿನಕ್ಕೊಮ್ಮೆ ಮಾತಾಡಿಕೊಳ್ಳುತ್ತಿದ್ದೆವು.

ಇನ್ನು ನನ್ನ ಗುಟ್ಟನ್ನು ಬಿಚ್ಚಬೇಕು. ಆ ಬಹುಮಾನದ ಕಾದಂಬರಿಯ ಬಗ್ಗೆ ನಾನು ಗ್ರೂಪಿನಲ್ಲಿ ಉದ್ದನೆಯ ಬರಹ ಬರೆದಿದ್ದೆ. "ನನ್ನನ್ನು ರೂಪಿಸಿದ ಕೃತಿ" ಎಂದೇ ಕರೆದಿದ್ದೆ. ಆದರೆ ನಾನು ಅದನ್ನು ಓದಿದ್ದು ಎಂಬತ್ತನೆಯ ಪುಟದವರೆಗೆ ಮಾತ್ರ. ನೂರು ಮೀಟರ್ ಓಟಗಾರನ ಕೈಗೆ ಮುನ್ನೂರು ಪುಟದ ಕಾದಂಬರಿ ಕೊಟ್ಟರೆ ಇನ್ನೇನಾಗುತ್ತದೆ? ಜೋರಾಗಿ ಶುರು ಮಾಡಿ, ಉಸಿರು ಕಟ್ಟಿ, ಆಮೇಲೆ ಓದುತ್ತೇನೆ ಎಂದು ಇಟ್ಟದ್ದು ಹಾಗೇ ಮೂವತ್ತು ಚಿಲ್ಲರೆ ವರ್ಷ ಉಳಿಯಿತು. ನನ್ನನ್ನು ರೂಪಿಸಿದ್ದು ನಿಜ, ಮೊದಲ ಎಂಬತ್ತು ಪುಟದಷ್ಟು.

ಕಳೆದ ವರ್ಷ ಅವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮೂರು ತಿಂಗಳು ಮಲಗಿರಬೇಕು ಎಂದರು ಡಾಕ್ಟರು. ಅವ್ವ ಮಲಗಿದಳು, ಆದರೆ ಅವಳ ಬಾಯಿ ಮಲಗಲಿಲ್ಲ. ಮಂಚದ ಮೇಲಿಂದಲೇ ಸಾರಿಗೆ ಎಷ್ಟು ಹುಣಸೆಹಣ್ಣು, ಹಸುವಿಗೆ ಎಷ್ಟು ನೀರು ಎಂದು ಸುಮಿತ್ರಳಿಗೆ ಅಪ್ಪಣೆ ಮಾಡತೊಡಗಿದಳು. ನಾಲ್ಕನೆಯ ದಿನ ಸುಮಿತ್ರ ಸೌಟು ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು.

"ಇಷ್ಟ್ ಪುಸ್ತಕ ಮಡೀಕಂಡಿದ್ದೀರಲ್ಲ, ಯಾವ್ದಾರ ಒಂದ ಅತ್ತೆಗೆ ಓದೇಳಿ. ನಂಗೊಂದ್ ಗಳಿಗೆ ಉಸ್ರು ಬುಡಾಕಾಯ್ತದೆ."

ಕೈಗೆ ಸಿಕ್ಕಿದ್ದು ಅದೇ ಕಾದಂಬರಿ. ಅರಿಶಿನದ ಕಲೆ ಇನ್ನೂ ರಟ್ಟಿನ ಮೇಲಿತ್ತು. ದಿನಾ ಸಂಜೆ ಸ್ಕೂಲಿನಿಂದ ಬಂದು ಐದಾರು ಪುಟ ಓದತೊಡಗಿದೆ. ಕಥೆಯ ಹೆಣ್ಣು ಪುಟ್ಟತಾಯಿ. ಅಪ್ಪ ಅಮ್ಮ ಇಲ್ಲದೆ ಅಣ್ಣನ ನೆರಳಲ್ಲಿ ಬೆಳೆದವಳು. ಗಂಡನ ಮನೆಯಲ್ಲಿ ಬಾಳಲಾರದೆ ಒಂದು ರಾತ್ರಿ ತವರಿಗೆ ಬಂದರೆ, ಮರ್ಯಾದೆಗೆ ಅಂಜಿದ ಅಣ್ಣ ಬಾಗಿಲು ತೆಗೆಯುವುದಿಲ್ಲ. ಅವಳು ದೂರದ ಊರಿನಲ್ಲಿ ಛತ್ರದ ಅಡಿಗೆ ಮಾಡಿಕೊಂಡು ಹನ್ನೆರಡು ವರ್ಷ ಕಳೆಯುತ್ತಾಳೆ.

ಅವ್ವ ಕೇಳುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಪುಟ್ಟತಾಯಿಯ ಗಂಡ ಬಂದಾಗಲೆಲ್ಲ, "ಬಂದಾ ನೋಡು ಮನೆಹಾಳ!" ಎನ್ನುವಳು. ಆದರೆ ಅಣ್ಣ ಬಾಗಿಲು ತೆಗೆಯದ ಭಾಗ ಓದಿದ ದಿನ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ನನಗೆ ಕಾರಣ ಗೊತ್ತಿತ್ತು. ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಅವಳಿಗೆ ಒಬ್ಬನೇ ತಮ್ಮ, ನಮ್ಮ ಚನ್ನಪ್ಪ ಮಾವ. ನನ್ನ ಮದುವೆಯ ಗಡಿಬಿಡಿಯಲ್ಲಿ ಸೋದರಮಾವನಿಗೆ ಪೇಟ ಕಟ್ಟುವುದನ್ನು ಮರೆತರು. ಅವರು ಊಟ ಮಾಡದೆ ಎದ್ದು ಹೋದರು. "ಅಕ್ಕ ಕರೀಲಿ" ಎಂದು ಮಾವ, "ಅವ್ನೇ ಬರ್ಲಿ" ಎಂದು ಅವ್ವ. ಹೀಗೇ ಇಪ್ಪತ್ತಾರು ವರ್ಷ. ಆ ಸಂಜೆ ಬೋರೇಗೌಡರಿಗೆ ಇದನ್ನೆಲ್ಲ ಬರೆದೆ.

ಇನ್ನೂರ ಎಪ್ಪತ್ತೆರಡನೆಯ ಪುಟ. ಪುಟ್ಟತಾಯಿ ಗಂಟು ಹಿಡಿದು ತನ್ನೂರಿನ ಗೇಟಿನಲ್ಲಿ ಬಸ್ಸಿಳಿದಿದ್ದಾಳೆ. ಎದುರಿಗೆ ಹೊಲದ ಬದುವಿನ ಮೇಲೆ ಅಣ್ಣ ನಿಂತಿದ್ದಾನೆ. ಅವ್ವ ಮೊಣಕೈ ಊರಿ ತಲೆ ಎತ್ತಿದಳು. ನಾನು ಹಾಳೆ ತಿರುವಿ ಓದಿದೆ: ಪುಟ್ಟತಾಯಿಗೆ ಆಗ ಎಂಟು ವರ್ಷ, ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತ ಹುಣಸೆಕಾಯಿ ತಿನ್ನುತ್ತಿದ್ದಳು...

"ತಡ್ಕಳ್ಳಾ," ಎಂದಳು ಅವ್ವ. "ಈಗ್ಲೇಯ ತಲೆ ನರ್ತಿತ್ತು, ಅದೆಂಗ್ ಮತ್ತೆ ಎಮ್ಮೆ ಕಾಯ್ತಾವ್ಳೆ?"

ನೋಡಿದರೆ, ಬೈಂಡು ಮಾಡಿದವನು ಕೊನೆಯ ಹದಿನಾರು ಪುಟಗಳ ಬದಲಿಗೆ ಮೊದಲ ಹದಿನಾರು ಪುಟಗಳನ್ನೇ ಇನ್ನೊಮ್ಮೆ ಹೊಲಿದಿದ್ದ! ಕಥೆ ಮುಗಿಯುವ ಕಡೆ ಮತ್ತೆ ಶುರುವಾಗುತ್ತಿತ್ತು. ಮೂರು ದಶಕ ನನ್ನ ಬಳಿಯಿದ್ದ, ನನ್ನನ್ನು ರೂಪಿಸಿದ ಕೃತಿಗೆ ಕೊನೆಯೇ ಇರಲಿಲ್ಲ, ನನಗದು ಗೊತ್ತೂ ಇರಲಿಲ್ಲ.

"ನೀ ಓದಿವ್ನಿ ಅಂತಿದ್ದಲ್ಲ, ಬಾಯಲ್ಲೇ ಹೇಳ್ಬುಡು ಅತ್ಲಾಗೆ. ಅಣ್ಣ ಕರ್ಕಂಡ್ನೋ ಇಲ್ವೋ?"

"ಮರ್ತೋಗದೆ ಕಣವ್ವ," ಎಂದೆ. ಬಾಗಿಲಲ್ಲಿ ನಿಂತಿದ್ದ ಸುಮಿತ್ರ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಗ್ರೂಪಿನಲ್ಲಿ ಕೇಳಿದರೆ ಮಾನ ಹೋಗುತ್ತದೆ. ಬೋರೇಗೌಡರೊಬ್ಬರಿಗೇ ಗುಟ್ಟಾಗಿ ಬರೆದೆ. ತಮ್ಮ ಬಳಿ ಆ ಪುಸ್ತಕ ಇದೆ ಎಂದು ಅವರು ಒಮ್ಮೆ ಹೇಳಿದ್ದರು. ಒಂದು ದಿನ ಉತ್ತರವಿಲ್ಲ. ಮರುದಿನ ಎಂಟೂವರೆಗೆ ಬಂತು: "ಪುಸ್ತಕಕ್ಕೆ ಗೆದ್ಲು ಹಿಡ್ದದೆ ಮೇಷ್ಟ್ರೇ. ಮುಟ್ಟಿದ್ರೆ ಪುಡಿ ಆಯ್ತದೆ, ಫೋಟೋ ಆಗಾಕಿಲ್ಲ. ಕೈಲಿ ನಕಲು ಮಾಡಿ ಕಳುಸ್ತೀನಿ."

ನಾಲ್ಕು ದಿನ, ದಿನಕ್ಕೆ ನಾಲ್ಕು ಹಾಳೆಯಂತೆ, ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು ಫೋಟೋ ಕಳುಹಿಸಿದರು. ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ ಎಂದು ನನ್ನ ಕಣ್ಣು ಒದ್ದೆಯಾಯಿತು.

ಅವ್ವನಿಗೆ ಓದಿದೆ. ಪುಟ್ಟತಾಯಿ ಬದುವಿಗೆ ಹೋದಾಗ ಅಣ್ಣನ ಹಸು ಈಯಲಾಗದೆ ಒದ್ದಾಡುತ್ತಿದೆ. ಕರು ಅಡ್ಡ ತಿರುಗಿದೆ, ಅಣ್ಣನೊಬ್ಬನಿಂದ ಆಗುತ್ತಿಲ್ಲ. ಪುಟ್ಟತಾಯಿ ಗಂಟು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಅಣ್ಣ ತಂಗಿ ಇಬ್ಬರೂ ಸೇರಿ ಕರು ಎಳೆಯುತ್ತಾರೆ. ಹನ್ನೆರಡು ವರ್ಷದ ಬಗ್ಗೆ ಒಂದು ಮಾತೂ ಇಲ್ಲ. "ಕಾಲ ಹಿಡಿ", "ಮೆತ್ತಗೆ", "ಬಂತು ಬಂತು" ಇಷ್ಟೇ. ಕೊನೆಗೆ ಅಣ್ಣ ಗಂಟನ್ನು ತನ್ನ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಾನೆ. ಅತ್ತಿಗೆ ಬಾಗಿಲಲ್ಲಿ ಚೊಂಬು ಹಿಡಿದು, ಕೈ ತೊಳೆಯಲು ನೀರು ಹಾಕುತ್ತಾಳೆ.

ಅವ್ವ, "ಕರ ಎಳ್ಯಾದ ಸರ್ಯಾಗ್ ಬರ್ದವ್ನೆ" ಎಂದಳಷ್ಟೆ. ಮಾರನೆಯ ಬೆಳಿಗ್ಗೆ ನಾನು ಬೂಟಿನ ದಾರ ಕಟ್ಟುತ್ತಿರುವಾಗ ಕರೆದಳು.

"ಲೇ, ನಾಗಮಂಗ್ಲಕ್ಕೆ ಫೋನ್ ಹಚ್ಲಾ."

ಹಚ್ಚಿ ಅವಳ ಕಿವಿಗೆ ಹಿಡಿದೆ.

"ಚನ್ನಾ, ಬದುಕಿದ್ದೀಯೇನ್ಲಾ? ಕಾಲ್ ಮುರ್ಕಂಡು ಎರಡ್ ತಿಂಗ್ಳಾಯ್ತು, ಬಂದು ನೋಡ್ನಿಲ್ವಲ್ಲ ನೀನು."

"ನೀ ಕರೀನಿಲ್ವಲ್ಲಕ್ಕ," ಎಂದಿತು ಆ ಕಡೆಯ ಧ್ವನಿ.

"ಕಾಲ್ ಮುರ್ಕಳಾದ್ಕೂ ಲಗ್ನಪತ್ರಿಕೆ ಹಾಕ್ಸಬೇಕಿತ್ತೇನ್ಲಾ?"

ಆ ಭಾನುವಾರವೇ ಮಾವ ಒಂದು ಚೀಲ ಎಳನೀರು ಹೊತ್ತು ಬಂದರು. ಅಕ್ಕ ತಮ್ಮ ಕೈ ಹಿಡಿದುಕೊಂಡು ಅತ್ತರು. ಅರ್ಧ ಗಂಟೆಯಲ್ಲಿ ಅಳು ಮುಗಿದು, ಪೇಟದ ವಿಷಯ ಎದ್ದು, ಇಬ್ಬರ ದನಿಯೂ ಬೀದಿಗೆ ಕೇಳುವಷ್ಟು ಏರಿತು. ತಪ್ಪು ಪುರೋಹಿತರದೋ ಅಪ್ಪನದೋ ಎಂಬುದು ಇತ್ಯರ್ಥವಾಗಬೇಕಿತ್ತು. ಸುಮಿತ್ರ ಟ್ರಂಕಿನಿಂದ ಒಂದು ಹೊಸ ಟವೆಲು ತಂದವಳೇ ಮಾವನ ತಲೆಗೆ ಬಿಗಿಯಾಗಿ ಸುತ್ತಿ, "ಆಯ್ತಾ ಮಾವ? ಈಗ ಊಟಕ್ಕೇಳಿ, ಮುದ್ದೆ ಆರೋಯ್ತದೆ" ಎಂದಳು. ಮಾವ ಪೇಟದಲ್ಲೇ ಉಂಡರು.

ನಾನು ಉಬ್ಬಿಹೋಗಿದ್ದೆ. ಸಾಹಿತ್ಯ ಬದುಕನ್ನು ಬದಲಿಸುತ್ತದೆಯೇ ಎಂದು ಗ್ರೂಪಿನಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಶಾಹಿದಾ ಮೇಡಂ, ಎಲ್ಲರೂ ಒಮ್ಮೆ ಮುಖಾಮುಖಿ ಸೇರೋಣ, ಮೇಷ್ಟ್ರು ಮೆಚ್ಚಿದ ಕಾದಂಬರಿಯ ಬಗ್ಗೆಯೇ ಮಾತಾಡೋಣ ಎಂದು ಶ್ರೀರಂಗಪಟ್ಟಣದ ತಮ್ಮ ಮನೆಗೆ ಕರೆದರು. ಹೋದೆ. ಬಾಗಿಲಲ್ಲೇ ಒಬ್ಬ ಆರಡಿ ಆಳು, ಹೆಗಲ ಮೇಲೆ ಟವೆಲು, ಕೈಯಲ್ಲಿ ಮೇಡಂ ಮನೆಗೆಂದು ತಂದ ಒಂದು ಕ್ಯಾನು ಹಾಲು. ಬೋರೇಗೌಡರು. ಎರಡು ವರ್ಷದ ಗೆಳೆಯನನ್ನು ಮೊದಲ ಸಲ ನೋಡಿ ಅಪ್ಪಿಕೊಳ್ಳಲು ಹೋದರೆ ಅವರು ಯಾಕೋ ನನ್ನ ಕಣ್ಣು ತಪ್ಪಿಸಿದರು. ಸಂಕೋಚದ ಮನುಷ್ಯ ಎಂದುಕೊಂಡೆ.

ಚಹಾ, ಸಮೋಸ ಆದ ಮೇಲೆ ಮೇಡಂ ಶುರು ಮಾಡಿದರು. "ಎಂಥ ಕಠೋರ ಕೊನೆ ಅಲ್ವಾ? ನಾಲ್ಕು ದಿನ ನನಗೆ ಊಟ ಸೇರಲಿಲ್ಲ."

ನಾನು ಎದ್ದು ನಿಂತೆ. ಡ್ರಿಲ್ ಮೇಷ್ಟ್ರಲ್ಲವೇ, ಕೂತು ಮಾತಾಡಿ ಅಭ್ಯಾಸವಿಲ್ಲ. "ಕಠೋರ ಎಲ್ಲಿ ಬಂತು ಮೇಡಂ? ಆ ಹಸು ಈಯುವ ದೃಶ್ಯದಲ್ಲಿ ಲೇಖಕರು ಕ್ಷಮೆಯನ್ನು ಎಷ್ಟು ಸೂಕ್ಷ್ಮವಾಗಿ..." ಎಂದು ಐದು ನಿಮಿಷ ಮಾತಾಡಿದೆ. ಲೇಖಕರ ಪಶುಜ್ಞಾನವನ್ನು ವಿಶೇಷವಾಗಿ ಕೊಂಡಾಡಿದೆ.

"ಅರೆ ಮೇಷ್ಟ್ರೇ, ಯಾವ ಹಸು?" ಎಂದರು ಮೇಡಂ. ತಮ್ಮ ಪ್ರತಿಯನ್ನು ತೆಗೆದು ಕೊನೆಯ ಪುಟ ಓದಿದರು. ಬದುವಿನ ಮೇಲಿನ ಅಣ್ಣ ತಂಗಿಯನ್ನು ನೋಡುತ್ತಾನೆ. ಗುರುತು ಹಿಡಿಯುತ್ತಾನೆ. ಬೆನ್ನು ತಿರುಗಿಸಿ ಕೆಲಸಕ್ಕೆ ಬಗ್ಗುತ್ತಾನೆ. ಅದೇ ಬಸ್ಸು ಮುಂದೆ ಹೋಗಿ ತಿರುಗಿಸಿಕೊಂಡು ಬರುತ್ತದೆ. ಪುಟ್ಟತಾಯಿ ಗಂಟು ಎತ್ತಿಕೊಂಡು ಹತ್ತುತ್ತಾಳೆ. ಮುಗಿಯಿತು.

ಬೋರೇಗೌಡರ ಕಡೆ ನೋಡಿದೆ. ಆರಡಿ ಆಳು ತಮ್ಮ ಹೆಬ್ಬೆರಳನ್ನೇ ನೋಡುತ್ತ ಮೂರಡಿಯಾಗಿದ್ದರು. ಇವರ ಹೆಸರು ಹೇಳಿದರೆ ನಾನು ಬಚಾವು. ಮೋಸ ಹೋದ ಮುಗ್ಧನಾಗುತ್ತೇನೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಮಾವನ ತಲೆಯ ಟವೆಲು ಕಣ್ಣ ಮುಂದೆ ಬಂತು.

"ನಾನು ಈ ಪುಸ್ತಕ ಓದಿಯೇ ಇಲ್ಲ ಮೇಡಂ," ಎಂದೆ. "ನನ್ನ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇಲ್ಲ. ಅದು ಗೊತ್ತಾದದ್ದೇ ಈಗ ಎರಡು ತಿಂಗಳ ಹಿಂದೆ. ಗೋಡೆಯ ಮೇಲಿರುವ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹೀಗೆಯೇ."

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಮನೆಯೇ ನಕ್ಕಿತು. ಮೇಡಂ ಮಾತ್ರ ಟೀಚರಿನ ಕಣ್ಣು ಬಿಡಲಿಲ್ಲ. "ಅದು ಸರಿ. ಹಸು ಎಲ್ಲಿಂದ ಬಂತು?"

ಹಿಂದಿನ ಸಾಲಿನಲ್ಲಿ ಒಂದು ಕೈ ಮೆಲ್ಲಗೆ ಮೇಲೆದ್ದಿತು. "ನಂದು ಮೇಡಂ," ಎಂದರು ಬೋರೇಗೌಡರು. "ನಾನ್ ಬರ್ದಿದ್ದು."

ಕೆ.ಆರ್. ಪೇಟೆಯ ಬಸ್ಸು ಪಾಂಡವಪುರದ ಮೇಲೆಯೇ ಹೋಗುತ್ತದೆ, ಹಾಗಾಗಿ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ನನಗೆ ಸಿಟ್ಟು ಬಂದಿತ್ತು. ಮೇಡಂ ಮನೆಯಲ್ಲಿ ಎಲ್ಲರೂ ಬೋರೇಗೌಡರ ಬೆನ್ನು ತಟ್ಟಿದ್ದರು, ನಗೆಪಾಟಲಾದವನು ನಾನು. ಅದಕ್ಕಿಂತ ಹೆಚ್ಚಾಗಿ, ಅವ್ವ ಸುಳ್ಳು ಪುಟ ನಂಬಿ ಫೋನು ಮಾಡಿದ್ದಳಲ್ಲ!

"ಏನ್ ಗೌಡ್ರೇ, ಇಂಗಾ ಮಾಡಾದು?"

ಅವರು ಕಿಟಕಿಯ ಹೊರಗಿನ ಗದ್ದೆ ನೋಡುತ್ತ ಮಾತಾಡಿದರು. "ಪುಸ್ತಕುಕ್ಕೆ ಗೆದ್ಲೂ ಇಲ್ಲ ಗಿದ್ಲೂ ಇಲ್ಲ ಮೇಷ್ಟ್ರೇ, ನೆಟ್ಗೇ ಅದೆ. ಫೋಟೋ ತೆಗ್ಯಾನ ಅಂತ ಫೋನ್ ಎತ್ಕಂಡೆ. ಅವ್ವಾರು ಕಾಲ್ ಮುರ್ಕಂಡು ಮಲಗವ್ರೆ, ತಮ್ಮನ್ ಜೊತೆ ಮಾತಿಲ್ಲ ಅಂತ ನೀವ್ ಬರ್ದಿದ್ರಿ. ಈ ಕೊನೇನ ಎಂಗ್ ಕಳುಸ್ಲಿ? ಕೈ ಬರ್ನಿಲ್ಲ. ಒಂದ್ ಪುಟ ಬದಲಾಯ್ಸಿದ್ರೆ ಸಾಕು ಅನ್ಕಂಡು ಕುಂತೆ. ಬರೀತಾ ಬರೀತಾ ಹಸ ನೋವು ತಿನ್ನಾಕ್ ಶುರು ಮಾಡ್ತು. ಅದ ಅರ್ಧಕ್ ಬುಟ್ಟು ಏಳಾಕಾಯ್ತದಾ?"

ನಗು ಬಂತು, ಆದರೂ ಬಿಗಿ ಹಿಡಿದೆ.

"ಇನ್ನೊಂದ್ ನಿಜ ಹೇಳ್ಬುಡ್ತೀನಿ," ಎಂದರು. "ಇಪ್ಪತ್ತೆರಡನೇ ವಯಸ್ಸಲ್ಲಿ ಓದಿದ್ದು ನಾನು ಅದ. ಅವತ್ತಿಂದ ಆ ಬರ್ದೋನ್ ಮ್ಯಾಲೆ ಸಿಟ್ಟಿತ್ತು. ಬಸ್ ಹತ್ಸ್‌ಬುಟ್ನಲ್ಲ ಆ ಹೆಣ್ಮಗಳ್ನ."

ಪಾಂಡವಪುರ ಬಂದಾಗ ಅವರನ್ನೂ ಇಳಿಸಿಕೊಂಡೆ. "ಅವ್ವುಂಗೆ ನೀವೇ ಹೇಳ್ಬೇಕು" ಎಂದೆ. ಜಾನುವಾರು ಡಾಕ್ಟರ ಮುಂದೆ ಹೋರಿ ಬರುವ ಹಾಗೆ ನನ್ನ ಹಿಂದೆ ಬಂದರು.

ಅವ್ವ ಈಗ ಕೋಲು ಹಿಡಿದು ಜಗುಲಿಗೆ ಬಂದು ಕೂರುವಷ್ಟಾಗಿದ್ದಳು. ಸುಮಿತ್ರ ಕಾಫಿ ತಂದಳು. ಬೋರೇಗೌಡರು ಎಲ್ಲವನ್ನೂ ಒಪ್ಪಿಕೊಂಡರು. ನಿಜವಾದ ಕೊನೆಯನ್ನೂ ಹೇಳಿದರು: ಅಣ್ಣ ಬೆನ್ನು ತಿರುಗಿಸಿದ್ದು, ಪುಟ್ಟತಾಯಿ ಬಸ್ಸು ಹತ್ತಿದ್ದು. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗಿಕೊಂಡರೆ ಏನು ಮಾಡುವುದು ಎಂದು ಅಂಜುತ್ತಿದ್ದೆ.

"ಆಮ್ಯಾಕೆ?" ಎಂದಳು ಅವ್ವ.

"ಆಮ್ಯಾಕೆ ಇಲ್ಲ ಕಣವ್ವ. ಬಸ್ ಹತ್ತುದ್ಲು, ಅಷ್ಟೇಯ. ಪುಸ್ತಕ ಮುಗೀತು."

"ಪುಸ್ತಕ ಮುಗುದ್ರೆ ಬಸ್ಸೂ ನಿಂತೋಯ್ತದಾ?" ಎಂದು ಅವ್ವ ಅವರನ್ನು, ಆಮೇಲೆ ನನ್ನನ್ನು, ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದಳು. "ಅಷ್ಟ್ ದೂರ ಒಂದ್ಸತಿ ಬಂದೋಳು ಇನ್ನೊಂದ್ಸತಿ ಬರಾಕಿಲ್ವಾ? ಅವತ್ತು ಅವ್ನು ಬೆನ್ ತಿರುಗ್ಸಿದ. ನಾಳಿಕ್ಕೂ ಅಂಗೇಯ ನಿಂತಿರ್ತಾನಾ? ಬಸ್ಸು ದಿನಾ ಬತ್ತದೆ ಕಣಪ್ಪ."

ಬೋರೇಗೌಡರು ಲೋಟವನ್ನು ಕೆಳಗಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತರು.

"ಮೂವತ್ ವರ್ಷ ಸುಮ್‌ಸುಮ್ಕೆ ಬೈಕಂಡು ಕುಂತಿದ್ನಲ್ಲವ್ವ ಆ ಮನ್ಸನ್ನ," ಎಂದರು.